ಕೆಂಪು ಚುಕ್ಕೆ ತಪ್ಪಿ ಬಿದ್ದ ದಿನ

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ಐದು ವರ್ಷ ಕೆಲಸ ಮಾಡಿದ್ದೇನೆ. ಮದುವೆಗೆ ಮುಂಚೆ ಜಹೀರಾಬಾದಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಗಂಡನಿಗೆ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಇದ್ದದ್ದರಿಂದ ತಾಂಡೂರಿಗೆ ಬಂದೆವು. ಕಲ್ಲು ಕಡಿಯುವಲ್ಲಿ ಕಂಪ್ಯೂಟರ್ ಕಲಿತವಳಿಗೆ ಏನು ಕೆಲಸ ಎಂದು ನಾರಾಯಣಖೇಡದ ನನ್ನ ತವರಿನಲ್ಲಿ ಇವತ್ತಿಗೂ ಕೇಳುತ್ತಾರೆ.

ಕೆಲಸ ಇತ್ತು. ನಮ್ಮ ಸಾಹುಕಾರರು ನೀರಿನ ಧಾರೆಯಿಂದ ಕಲ್ಲು ಕತ್ತರಿಸುವ ಯಂತ್ರ ತರಿಸಿದ್ದರು. ದೊಡ್ಡ ಮಂಚದಂಥ ಕಬ್ಬಿಣದ ಹಾಸು, ಅದರ ಮೇಲೆ ಆಚೆ ಈಚೆ ಓಡಾಡುವ ಒಂದು ತಲೆ. ಆ ತಲೆಯಿಂದ ಸೂಜಿಯಷ್ಟು ಸಣ್ಣ ನೀರು ಬಂದು ಕಲ್ಲನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಯಾವ ಕಲ್ಲಿನಲ್ಲಿ ಯಾವ ತುಂಡು ಎಲ್ಲಿ ಕೊಯ್ಯಬೇಕು ಎಂದು ತೋರಿಸುವ ಪ್ರೋಗ್ರಾಮನ್ನು ಬರೆದವಳು ನಾನು. ಹಾಸಿನ ಮೇಲಿನ ಕ್ಯಾಮೆರಾ ಕಲ್ಲಿನ ಫೋಟೋ ತೆಗೆಯುತ್ತದೆ. ಆ ಫೋಟೋ ಪರದೆಯ ಮೇಲೆ ಬರುತ್ತದೆ. ಅದರ ಮೇಲೆ ಕೊಯ್ಯಬೇಕಾದ ತುಂಡಿನ ಗೆರೆ. ಬಿರುಕು, ಕಲೆ ಇದ್ದರೆ ಗೆರೆಯನ್ನು ಪಕ್ಕಕ್ಕೆ ಎಳೆದು ಇಡಬಹುದು. ಫೋಟೋದ ಯಾವ ಜಾಗದಲ್ಲಿ ಮೌಸ್ ಒತ್ತಿದರೂ ಯಂತ್ರದ ತಲೆ ಆ ಜಾಗದ ಮೇಲೆ ಬಂದು ನಿಂತು, ಕಲ್ಲಿನ ಮೇಲೆ ಒಂದು ಕೆಂಪು ಬೆಳಕಿನ ಚುಕ್ಕೆ ಬಿಡುತ್ತದೆ. ಕೊಯ್ಯುವ ಮೊದಲು ಜಾಗ ಸರಿ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಲು ಆ ಚುಕ್ಕೆ.

ಯಂತ್ರ ನಡೆಸುತ್ತಿದ್ದವರು ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯವರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಕೈಯಲ್ಲಿ ಉಳಿ ಹಿಡಿದು ಕೆಲಸ ಶುರು ಮಾಡಿದವರು. ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದೆ ಎಂದು ಹೇಳುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಜಹೀರಾಬಾದಿನ ಒಂದು ಸಣ್ಣ ಬುದ್ಧ ವಿಹಾರದ ನೆಲಕ್ಕೆ ಚಕ್ರ ಕೊಯ್ಯುವ ಕೆಲಸ ಬಂತು. ಇಪ್ಪತ್ನಾಲ್ಕು ಅರೆಗಳ, ಅಂದರೆ ಕಡ್ಡಿಗಳ ಚಕ್ರ, ನೀಲಿ ಫರಸಿಯ ಮೇಲೆ ಹಳದಿ ಫರಸಿ ಕೂಡಿಸಿದ್ದು. ವಿಹಾರ ಕಟ್ಟುತ್ತಿದ್ದವರಲ್ಲಿ ಅಣ್ಣನ ಬಂಧುಗಳೂ ಇದ್ದರು, ಕೆಲಸ ತಂದವರೂ ಅವರೇ. ಕಾರ್ಖಾನೆಯಲ್ಲಿ ಅಷ್ಟು ನಾಜೂಕಿನ ಕೆಲಸ ಅಲ್ಲಿಯವರೆಗೆ ಆಗಿರಲಿಲ್ಲ.

ಚಕ್ರ ಶುರುವಾಗುವ ಮುನ್ನ ಅಣ್ಣ ನನ್ನ ಬಳಿ ಬಂದು ಹೇಳಿದರು.

"ಈ ಪರದಿ ಉಲ್ಟಾ ಅದರಿ ಅಕ್ಕಾರ. ನಾ ನಿಂದ್ರೋದು ಈ ಕಡಿ, ಫೋಟೋ ತೋರ್ಸೋದು ಆ ಕಡಿಂದು. ನನ್ನ ಎಡಕ್ಕಿದ್ದದ್ದು ಅಲ್ಲಿ ಬಲಕ್ಕ ಕಾಣ್ತದ. ನಾ ಕಂಡಂಗ ತಿರುಗ್ಸಿ ಕೊಡಾಕ ಆಗ್ತದೇನ್ರಿ?"

ಆಗುತ್ತದೆ ಎಂದೆ. ಕಷ್ಟದ ಕೆಲಸವೇನೂ ಅಲ್ಲ. ಫೋಟೋವನ್ನು ಆಗಲೇ ಹಿಗ್ಗಿಸಬಹುದಿತ್ತು, ಆಚೆ ಈಚೆ ಸರಿಸಬಹುದಿತ್ತು. ಈಗ ತಿರುಗಿಸುವ ಒಂದು ಗುಂಡಿ ಸೇರಿಸಬೇಕಿತ್ತು, ಅಷ್ಟೇ. ಒಂದು ಎಚ್ಚರ ಮಾತ್ರ ಬೇಕು. ಮೌಸ್ ಎಲ್ಲಿದೆ ಎಂಬುದನ್ನು ಕಂಪ್ಯೂಟರು ಪರದೆಯ ಮೂಲೆಯಿಂದ ಎಣಿಸುತ್ತದೆ, ಯಂತ್ರವು ಕಲ್ಲಿನ ಮೂಲೆಯಿಂದ. ಫೋಟೋವನ್ನು ಹಿಗ್ಗಿಸಿ, ತಿರುಗಿಸಿ, ಸರಿಸಿ ತೋರಿಸಿದ ಮೇಲೆ, ಮೌಸ್ ಒತ್ತಿದ ಜಾಗವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕರೆದೊಯ್ಯಬೇಕು. ಆಗ ಕಲ್ಲಿನ ಮೇಲಿನ ನಿಜವಾದ ಜಾಗ ಸಿಗುತ್ತದೆ. ಎರಡು ದಿನದಲ್ಲಿ ಬರೆದೆ. ಫೋಟೋವನ್ನು ತಿರುಗಿಸಿ ಹತ್ತಾರು ಕಡೆ ಒತ್ತಿ ನೋಡಿದೆ. ಚುಕ್ಕೆ ಸರಿಯಾಗಿ ಬಿತ್ತು. ಫೋಟೋವನ್ನು ಸರಿಸಿಯೂ ನೋಡಿದೆ, ಸರಿಯಾಗಿತ್ತು. ತಿರುಗಿಸಿ, ಜೊತೆಗೆ ಸರಿಸಿಯೂ ನೋಡಬೇಕು ಎಂಬುದು ನನ್ನ ತಲೆಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊದಲ ನೀಲಿ ಕಲ್ಲನ್ನು ಹಾಸಿನ ಮೇಲೆ ಹಾಕಿದರು. ಅಣ್ಣ ಕಲ್ಲಿನ ಈಚೆ ಮೂಲೆಯಲ್ಲಿ ನಿಂತು ಎಡಗೈ ಊರಿಕೊಂಡು ಬಗ್ಗಿ ನೋಡುತ್ತಿದ್ದರು. ನಾನು ಹೊಸ ಗುಂಡಿ ತೋರಿಸಲೆಂದು ಕಂಪ್ಯೂಟರಿನ ಮುಂದೆ ಕೂತಿದ್ದೆ.

"ಆ ತುದಿ ಮೂಲ್ಯಾಗ ಒಂದು ಎಳಿ ಕಾಣ್ತದ ಅಕ್ಕಾರ. ಬಿರುಕು ಏನೋ. ಚುಕ್ಕಿ ಅದರ ಮ್ಯಾಲ ತರ್ರಿ ಜರಾ" ಎಂದರು.

ಫೋಟೋವನ್ನು ತಿರುಗಿಸಿದೆ. ದೂರದ ಮೂಲೆ ದೊಡ್ಡದಾಗಿ ಕಾಣಲೆಂದು ಹಿಗ್ಗಿಸಿ, ಎಳೆದು, ಪರದೆಯ ನಡುವಿಗೆ ತಂದೆ. ಎಳೆ ಸ್ಪಷ್ಟವಾಗಿ ಕಂಡಿತು. ಅದರ ಮೇಲೆ ಒತ್ತಿದೆ.

ಯಂತ್ರದ ತಲೆ ದೂರದ ಮೂಲೆಗೆ ಹೋಗಲಿಲ್ಲ. ಈಚೆಗೆ ಬಂತು. ಅದು ನೀರು ಬಿಡದೆ ಖಾಲಿ ಓಡುವಾಗ ಬಹಳ ವೇಗ, ನೋಡಿ ಕೂಗುವಷ್ಟು ಹೊತ್ತು ಇರುವುದಿಲ್ಲ. ಅಣ್ಣ ಕೈ ಎಳೆದುಕೊಂಡರು, ಆದರೆ ಪೂರ್ತಿ ಅಲ್ಲ. ಕಲ್ಲು ಅಲುಗದಂತೆ ಬಿಗಿದ ಕಬ್ಬಿಣದ ಹಿಡಿಕೆಗೂ ತಲೆಯ ಕೆಳಗಿನ ತಗಡಿಗೂ ನಡುವೆ ಎರಡು ಬೆರಳು ಸಿಕ್ಕಿದವು. ಯಂತ್ರ ನಿಲ್ಲಿಸುವ ಗುಂಡಿಯನ್ನು ಬಲಗೈಯಿಂದ ಬಡಿದವರೂ ಅವರೇ. ನಾನು ಮೌಸ್ ಹಿಡಿದು ಹಾಗೇ ಕೂತಿದ್ದೆ.

ಅವರು ಅರಚಲಿಲ್ಲ. ಕೆಳಗೆ ಕೂತು, ಎಡಗೈಯನ್ನು ಎದೆಗೆ ಒತ್ತಿಕೊಂಡು, "ನೀರು ಕೊಡ್ರಿ" ಎಂದರು.

ಆಸ್ಪತ್ರೆಯಲ್ಲಿ ಎಲುಬು ಮುರಿದಿದೆ, ಬೆರಳು ಉಳಿಯುತ್ತವೆ ಎಂದರು. ಸಾಹುಕಾರರು ಬಂದರು. ಅರವತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ಯಾವತ್ತೂ ದನಿ ಏರಿಸದ ಮನುಷ್ಯ. ಅವತ್ತು ಮಂಚದ ಪಕ್ಕ ನಿಂತು ಗದರಿಸಿದರು.

"ಮಷೀನ್ ಚಾಲೂ ಇದ್ದಾಗ ಕೈ ಇಡಬ್ಯಾಡ್ರಿ ಅಂತ ಗೋಡಿ ಮ್ಯಾಲ ಬರಸೀನಿ. ಕನ್ನಡದಾಗೂ ಬರಸೀನಿ, ತೆಲುಗಿನಾಗೂ ಬರಸೀನಿ. ನಿನಗ ಓದಾಕ ಬರಂಗಿಲ್ಲೇನು?"

"ನಂದೇ ಗಲತಿರಿ ಸಾವ್ಕಾರ" ಎಂದರು ಅಣ್ಣ. "ಚುಕ್ಕಿ ಆ ಕಡಿ ಹೋಗ್ತದ ಅಂತ ತಿಳ್ಕೊಂಡಿದ್ನಿ."

ನಾನು ಅಲ್ಲೇ ಇದ್ದೆ. ಒತ್ತಿದವಳು ನಾನು, ನಾನು ಒತ್ತಿದ್ದು ಆ ಕಡೆಯೇ ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಕೈ ತಪ್ಪಿ ಬೇರೆ ಎಲ್ಲೋ ಒತ್ತಿದ್ದೆನೋ ಏನೋ, ಮೊದಲು ಖಚಿತ ಮಾಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಸಾಹುಕಾರರು ಹೊರಗೆ ಬಂದು, "ಕೊಡಂಗಲ್ ಕಡಿಯಂವ ಒಬ್ಬ ಇದ್ದಾನ, ಇವನ ಜಾಗಕ್ಕ ಸೋಮವಾರದಿಂದ ಬರ್ತಾನ. ನೀ ಮಷೀನ್ ಒಂದ್ಸಲ ನೋಡಿಡವ್ವಾ" ಎಂದರು. ನೋಡ್ತೀನ್ರಿ ಎಂದೆ. ಅಣ್ಣನನ್ನು ಅವತ್ತೇ ಸಂಜೆ ಅವರ ಹೆಂಡತಿ ಊರಿಗೆ ಕರೆದುಕೊಂಡು ಹೋದರು.

ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಎಲ್ಲಿ ಒತ್ತಿದರು, ಫೋಟೋ ಎಷ್ಟು ಸರಿದಿತ್ತು, ಎಷ್ಟು ತಿರುಗಿತ್ತು, ಯಂತ್ರಕ್ಕೆ ಎಲ್ಲಿಗೆ ಹೋಗು ಎಂದಿತು. ಅದನ್ನು ಮನೆಗೆ ತಂದು ಶುಕ್ರವಾರ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ನಾನು ಸರಿಯಾದ ಜಾಗದಲ್ಲೇ ಒತ್ತಿದ್ದೆ. ತಲೆ ಹೋಗಬೇಕಾದ ಜಾಗ, ಹೋದ ಜಾಗ, ಎರಡರ ನಡುವಿನ ದೂರವನ್ನು ಕಾಗದದ ಮೇಲೆ ಕಳೆದು ನೋಡಿದೆ. ಫೋಟೋವನ್ನು ನಾನು ಎಷ್ಟು ಎಳೆದಿದ್ದೆನೋ, ಕಲ್ಲಿನ ಅಳತೆಯಲ್ಲಿ ಸರಿಯಾಗಿ ಅದರ ಎರಡರಷ್ಟು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ ಎರಡರಷ್ಟನ್ನು ನೋಡಿದ ಕೂಡಲೇ ಗೊತ್ತಾಯಿತು. ನೆಲದ ಮೇಲೆ ಕೂತೆ. ತೋರಿಸುವಾಗ ಮೊದಲು ತಿರುಗಿಸಿ ಆಮೇಲೆ ಸರಿಸುತ್ತಿದ್ದೆ. ಹಿಂದಕ್ಕೆ ಬರುವಾಗ ಮೊದಲು ಸರಿಸಿದ್ದನ್ನು ತೆಗೆಯಬೇಕು, ಆಮೇಲೆ ತಿರುಗಿಸಿದ್ದನ್ನು. ನಾನು ಹಿಂದಕ್ಕೂ ಮೊದಲು ತಿರುಗಿಸಿದ್ದನ್ನೇ ತೆಗೆದಿದ್ದೆ. ಬರೀ ತಿರುಗಿಸಿದರೆ ತಪ್ಪು ಕಾಣುವುದಿಲ್ಲ, ಬರೀ ಸರಿಸಿದರೂ ಕಾಣುವುದಿಲ್ಲ. ಎರಡೂ ಕೂಡಿದಾಗ ಮಾತ್ರ. ಕಾಲೇಜಿನಲ್ಲಿ ಇದನ್ನೇ ಹುಡುಗಿಯರಿಗೆ ಹಲಗೆಯ ಮೇಲೆ ಬರೆದು ಕಲಿಸಿದವಳು ನಾನು.

ಪ್ರೋಗ್ರಾಮಿನ ಎರಡು ಸಾಲುಗಳನ್ನು ಅದಲು ಬದಲು ಮಾಡಿದೆ. ಅರ್ಧ ನಿಮಿಷದ ಕೆಲಸ.

ಶನಿವಾರ ಕಾರ್ಖಾನೆಗೆ ಹೋಗಿ ಹೊಸದನ್ನು ಹಾಕಿದೆ. ಹಾಸಿನ ಬಳಿ ಯಾರೂ ಬರದಂತೆ ನೋಡಿಕೊಂಡು, ಫೋಟೋವನ್ನು ತಿರುಗಿಸಿ, ಸರಿಸಿ, ಹಿಗ್ಗಿಸಿ, ನಲವತ್ತು ಸಲ ಒತ್ತಿದೆ. ನಲವತ್ತು ಸಲವೂ ಚುಕ್ಕೆ ಬೀಳಬೇಕಾದಲ್ಲೇ ಬಿತ್ತು. ಸಾಹುಕಾರರು ಬಾಗಿಲಲ್ಲಿ ನಿಂತು, "ಎಲ್ಲಾ ಬರೋಬ್ಬರಿ ಅದ ಏನವ್ವಾ?" ಎಂದು ಕೇಳಿದರು. "ಅದರಿ" ಎಂದೆ. ಅದು ಸುಳ್ಳಲ್ಲ. ಅವರು ಹೋದ ಮೇಲೆ ಗುರುವಾರದ ಕಡತ ಪರದೆಯ ಮೇಲೆ ತೆರೆದೇ ಇತ್ತು. ಅದನ್ನು ಅಳಿಸಿದರೆ ಏನೂ ಉಳಿಯುವುದಿಲ್ಲ. ನನ್ನ ಕೈ ಅಲ್ಲಿಯವರೆಗೆ ಹೋಯಿತು ಎಂಬುದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಅಳಿಸಲಿಲ್ಲ. ಹಾಗಂತ ಯಾರಿಗೂ ಹೇಳಲೂ ಇಲ್ಲ. ಕಡತವನ್ನು ಮುದ್ರಿಸಿ, ಮಡಚಿ, ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ಗಂಡ ಕೇಳಿದರು. "ಯಾಕ, ಎರಡು ದಿನಾತು ಊಟ ಮಾಡವಲ್ಲಿ."

ಹೇಳಿದೆ. ಅವರು ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೇಳಿದರು. ಬಯ್ಯುತ್ತಾರೆ ಅಥವಾ ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಕೊಡಂಗಲ್ ಮನುಷ್ಯಾ ಯಾವಾಗ ಬರ್ತಾನ?"

"ಸೋಮವಾರ."

"ಆಂವ ಕೆಲಸಕ್ಕ ನಿಂತ ಮ್ಯಾಲ ನೀ ಹೇಳಿದ್ರ ಏನ್ ಆಗ್ತದ? ನಾಳಿ ಆದಿತ್ಯವಾರ. ಅದೊಂದೇ ದಿನಾ ಅದ."

ಮರುದಿನ ಬೆಳಗಿನ ಬಸ್ಸಿಗೆ ಜಹೀರಾಬಾದಿಗೆ ಹೋದೆ. ಅಲ್ಲಿಂದ ನ್ಯಾಲ್ಕಲ್ ಕಡೆಯ ಜೀಪು. ಹನ್ನೆರಡು ಜನ ಕೂತ ಜೀಪಿನಲ್ಲಿ ಪಕ್ಕದ ಹೆಂಗಸು ತೆಲುಗಿನಲ್ಲಿ ಏನೋ ಕೇಳುತ್ತಲೇ ಇದ್ದಳು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಹೇಗೆ ಶುರು ಮಾಡಬೇಕು ಎಂಬ ವಾಕ್ಯವನ್ನೇ ತಿರುವಿ ಹಾಕುತ್ತಿದ್ದೆ. ಊರು ಬಂದಾಗ ಇಳಿಯದೆ ಹಾಗೇ ಮುಂದಿನ ಊರಿಗೆ ಹೋಗಿಬಿಡಲೇ ಎನಿಸಿತು.

ಅಣ್ಣ ಅಂಗಳದಲ್ಲಿ ಬೇವಿನ ನೆರಳಿಗೆ ಹೊರಸು ಹಾಕಿ ಕೂತಿದ್ದರು. ಎಡಗೈ ಮೊಳಕೈವರೆಗೆ ಬ್ಯಾಂಡೇಜು. ನನ್ನನ್ನು ಕಂಡು ಎದ್ದು ನಿಂತರು.

"ಇಷ್ಟು ದೂರ ಯಾಕ ಬಂದ್ರಿ ಅಕ್ಕಾರ? ಕೂಡ್ರಿ, ಕೂಡ್ರಿ. ನಾ ಆರಾಮ ಇದ್ದೀನಿ."

ಅವರ ಹೆಂಡತಿ ನೀರಿನ ಚೊಂಬು ತಂದಿಟ್ಟರು. ನೀರು ಮುಟ್ಟದೆ ನಿಂತೇ ಹೇಳಿದೆ. ತಪ್ಪು ನಿಮ್ಮದಲ್ಲ. ನಾನು ಬರೆದದ್ದರಲ್ಲಿ ತಪ್ಪಿತ್ತು. ನಾನು ಆ ಮೂಲೆಯಲ್ಲಿ ಒತ್ತಿದರೂ ತಲೆ ಈ ಮೂಲೆಗೆ ಬಂತು.

ಅವರಿಗೆ ತಕ್ಷಣ ತಿಳಿಯಲಿಲ್ಲ. "ಅಂದ್ರ? ಮಷೀನ್ ಖರಾಬ್ ಆಗಿತ್ತೇನ್ರಿ?"

"ಮಷೀನ್ ಸರಿ ಇತ್ರಿ. ನಾನೇ ತಪ್ಪು ದಾರಿ ಹೇಳಿದ್ದೆ ಅದಕ್ಕ."

ಕಾಗದ ತೆಗೆದು ಅಂಕಿ ತೋರಿಸಿದೆ. ಅಂಕಿಗಳಿಂದ ಪ್ರಯೋಜನವಾಗಲಿಲ್ಲ. ಕೊನೆಗೆ ಅಂಗಳದ ನಡುವೆ ಹೋಗಿ ನಿಂತೆ. "ನೋಡ್ರಿ ಅಣ್ಣಾರ. ಇಲ್ಲಿಂದ ಹಿಂಗ ಪೂರ್ತಿ ಹಿಂದಕ್ಕ ಮುಖಾ ತಿರುಗಸ್ತೀನಿ. ಆಮ್ಯಾಲ ನಾಲ್ಕು ಹೆಜ್ಜಿ ಮುಂದ ನಡೀತೀನಿ." ನಡೆದು ತುಳಸಿಕಟ್ಟೆಯಿಲ್ಲದ ಆ ಬಯಲು ಅಂಗಳದ ಕೊಟ್ಟಿಗೆಯ ಹತ್ತಿರ ನಿಂತೆ. ಮತ್ತೆ ಮೊದಲಿನ ಜಾಗಕ್ಕೆ ಬಂದು ಮೊದಲಿನ ಕಡೆಗೇ ಮುಖ ಮಾಡಿದೆ. "ಈಗ ಮೊದಲು ನಾಲ್ಕು ಹೆಜ್ಜಿ ನಡೀತೀನಿ, ಆಮ್ಯಾಲ ತಿರುಗ್ತೀನಿ." ಈ ಸಲ ಬಾಗಿಲ ಹತ್ತಿರ ನಿಂತಿದ್ದೆ. ಕೊಟ್ಟಿಗೆ ಅಲ್ಲಿ, ನಾನು ಇಲ್ಲಿ. "ಮಾಡಿದ್ದು ಎರಡೇ ಕೆಲಸ. ಯಾವುದು ಮೊದಲು ಅನ್ನೋದು ತಪ್ಪಿದ್ರ ಇಷ್ಟು ದೂರ ಆಗ್ತದ. ನಾ ಅದನ್ನ ತಪ್ಪಿಸಿದ್ದೆ."

ಅಣ್ಣ ಕೊಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮಾತಾಡಿದ್ದು ಅವರ ಹೆಂಡತಿ.

"ಇದು ನಿಮಗ ಯಾವಾಗ ತಿಳೀತ್ರಿ?"

"ಶುಕ್ರವಾರ."

"ಇವತ್ತ ಆದಿತ್ಯವಾರ" ಎಂದರು ಅವರು. ಚೊಂಬನ್ನು ಎತ್ತಿಕೊಂಡು ಒಳಗೆ ಹೋದರು.

ಅಣ್ಣ ಹೊರಸಿನ ಮೇಲೆ ಕೂತು ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಮೂರು ದಿನಾ ಇದನ್ನೇ ವಿಚಾರ ಮಾಡಾಕತ್ತೀನಿ ಅಕ್ಕಾರ. ನಾ ಕೈ ಎಲ್ಲಿ ಇಟ್ಟಿದ್ನಿ, ಚುಕ್ಕಿ ಯಾವ ಕಡಿ ಬರಬೇಕಿತ್ತು ಅಂತ. ಎಷ್ಟ್ ಸಲ ನೆನಸಿದ್ರೂ ನಾ ಸರಿ ಕಡಿನೇ ನಿಂತಿದ್ನಿ ಅನಸ್ತದ. ಆದ್ರ ಕೈ ನೋಡಿದ್ರ ಹಿಂಗ ಆಗ್ಯಾದ. ನನ್ನ ಕಣ್ಣಿಗೇ ಏನೋ ಆಗ್ಯಾದ, ಇನ್ ಈ ಕೆಲಸ ನನಗ ಆಗಂಗಿಲ್ಲ ಅಂತ ತಿಳ್ಕೊಂಡಿದ್ನಿ." ಅವರು ತಲೆ ಎತ್ತಿ ನನ್ನನ್ನು ನೋಡಿದರು. "ನಾ ಸರಿ ಕಡಿನೇ ನಿಂತಿದ್ನಿ."

"ಹೌದ್ರಿ."

"ನನಗ ಹೇಳಿದ್ದು ಆತು. ಸಾವ್ಕಾರ್ಗ ಹೇಳ್ರಿ. ನಾಳಿಗೇ ಹೇಳ್ರಿ."

ಊಟ ಮಾಡಿ ಹೋಗಿ ಎಂದು ಅವರು ಅನ್ನಲಿಲ್ಲ. ನಾನೂ ನಿಲ್ಲಲಿಲ್ಲ.

ಸೋಮವಾರ ನಾನು ಕಾರ್ಖಾನೆಗೆ ಹೋಗುವ ಹೊತ್ತಿಗೆ ಕೊಡಂಗಲ್ಲಿನವರು ಬಂದು ಸಾಹುಕಾರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಮುದ್ರಿಸಿದ ಕಾಗದವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ.

ಸಾಹುಕಾರರು ಕನ್ನಡಕ ಹಾಕಿಕೊಂಡು ಕಾಗದ ನೋಡಿದರು. "ಈಗ ರಿಪೇರಿ ಆಗ್ಯಾದಲ್ಲ?"

"ಆಗ್ಯಾದ್ರಿ."

"ಮತ್ಯಾಕ ಈ ಮಾತು ಎತ್ತತಿ? ಅಂವ ತಾನೇ ತನ್ನ ಗಲತಿ ಅಂದಾನ. ಹಾಸಿನ ಮ್ಯಾಲ ಕೈ ಇಟ್ಟಿದ್ದು ಖರೇನೇ ಅದ."

"ಎಲ್ಲಾರೂ ಇಡ್ತಾರ್ರಿ. ನೀವು ಬಂದಾಗ ನೀವೂ ಇಡ್ತೀರಿ. ಆ ಮೂಲ್ಯಾಗ ಒತ್ತಿದ್ರ ಈ ಮೂಲಿಗೆ ಬರ್ತದ ಅಂತ ಯಾರಿಗೆ ಗೊತ್ತಿತ್ರಿ?"

ಅವರು ನನ್ನನ್ನೇ ನೋಡಿದರು. "ಅಂವಗ ಹೇಳಿಯೇನು?"

"ನಿನ್ನಿ ಹೋಗಿ ಹೇಳಿ ಬಂದೀನ್ರಿ."

ಅವರಿಗೆ ಸಿಟ್ಟು ಬಂತು ಎಂದು ಮುಖ ನೋಡಿಯೇ ತಿಳಿಯಿತು. ನನಗಿಂತ ಮೊದಲು ಅವನಿಗೆ ಹೇಳಿದೆಯಾ ಎಂಬ ಸಿಟ್ಟು ಅದು. ಹೊರಗೆ ಪಾಲಿಶ್ ಯಂತ್ರದ ಸದ್ದು ಒಂದೇ ಸಮನೆ ಬರುತ್ತಿತ್ತು. ಅವರು ಕಾಗದವನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು. ಹೋಗು ಎನ್ನುತ್ತಾರೆ ಎಂದು ಕಾದೆ. ಅವರು ಫೋನು ತೆಗೆದರು.

"ನಿನ್ನ ಜಾಗಾ ನಿಂದೇ ಅದ" ಎಂದರು ಫೋನಿನಲ್ಲಿ. "ಕೈ ನೆಟ್ಟಗಾಗ್ಲಿ. ದವಾಖಾನಿದು ನಾ ನೋಡ್ಕೋತೀನಿ. ಅವತ್ತ ನಾ ಮಂದಿ ಮುಂದ ಬೈದೆ." ಮಡಚಿದ ಕಾಗದವನ್ನು ಮೇಜಿನ ಮೇಲಿಟ್ಟರು. "ಬೈಬಾರದಿತ್ತು."

ಫೋನಿಟ್ಟು ನನಗೆ, "ಅಂವ ಬರೋತನಕ ಆ ಮಷೀನಿಗೆ ನೀ ಕೈ ಹಚ್ಚಬ್ಯಾಡ. ಚಕ್ರದ ಕೆಲಸ ನಿಂದ್ರಲಿ. ಜಹೀರಾಬಾದ್‌ದವರಿಗೆ ನಾ ಹೇಳ್ತೀನಿ" ಎಂದರು. ಕೊಡಂಗಲ್ಲಿನವರಿಗೆ ಪಾಲಿಶ್ ವಿಭಾಗದಲ್ಲಿ ಕೆಲಸ ಕೊಟ್ಟರು.

ನನ್ನನ್ನು ಕಾರ್ಖಾನೆಯಲ್ಲಿ ಎರಡು ತಿಂಗಳು ಯಾರೂ ಹೆಚ್ಚು ಮಾತಾಡಿಸಲಿಲ್ಲ. ಆ ಎರಡು ತಿಂಗಳು ಮನೆಯಲ್ಲಿ ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಈಗ ಮೌಸ್ ಒತ್ತಿದ ಜಾಗದಿಂದ ಕಲ್ಲಿನ ಜಾಗ ಹುಡುಕಿದ ಮೇಲೆ, ಅದೇ ಕಲ್ಲಿನ ಜಾಗವನ್ನು ಮತ್ತೆ ಪರದೆಗೆ ತಂದು, ಒತ್ತಿದ ಜಾಗಕ್ಕೇ ಬಂತೋ ಇಲ್ಲವೋ ನೋಡುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಯಂತ್ರಕ್ಕೆ ಏನೂ ಹೇಳುವುದಿಲ್ಲ. ಅದೂ ಸಾಲದು ಎಂದು ಹಾಸಿನ ಪಕ್ಕ ಒಂದು ಗುಂಡಿ ಹಾಕಿಸಿಕೊಟ್ಟರು ಸಾಹುಕಾರರು. ಕಲ್ಲಿನ ಹತ್ತಿರ ನಿಂತವರು ಅದನ್ನು ಒತ್ತಿ ಹಿಡಿದಿದ್ದರೆ ಮಾತ್ರ ತಲೆ ಅಲುಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಣ್ಣ ಬಂದರು. ಎರಡು ಬೆರಳೂ ಸ್ವಲ್ಪ ಸೊಟ್ಟ, ಉಂಗುರ ಬೆರಳು ಮಡಚುತ್ತಿರಲಿಲ್ಲ. ಹೊಸದಾಗಿ ಮಾಡಿದ್ದೆಲ್ಲ ತೋರಿಸಿದೆ. ಕೇಳಿಸಿಕೊಂಡು, ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ತಾವೇ ಕೂತರು.

"ನೀವ್ ಅಲ್ಲಿ ನಿಂದ್ರಿ" ಎಂದರು. ಅವತ್ತು ಅವರು ನಿಂತಿದ್ದ ಜಾಗ. ಹಾಸಿನ ಮೇಲೆ ಅವತ್ತಿನದೇ ನೀಲಿ ಕಲ್ಲು ಇತ್ತು.

ಹೋಗಿ ನಿಂತೆ. ಕೆಲಸದವರೆಲ್ಲ ಕೈ ಬಿಟ್ಟು ನೋಡುತ್ತಿದ್ದರು. ಗುಂಡಿ ಹಿಡಿಯಬೇಕಾದವಳು ನಾನೇ. ಗುಂಡಿ ಹಿಡಿದು, ಇನ್ನೊಂದು ಕೈಯನ್ನು ಕಲ್ಲಿನ ಕಡೆ ಚಾಚಿದೆ.

"ಕೈ ಬ್ಯಾಡ್ರಿ. ನಿಂತ್ರ ಸಾಕು."

ಅವರು ಫೋಟೋವನ್ನು ತಿರುಗಿಸಿದರು, ಹಿಗ್ಗಿಸಿದರು, ಎಳೆದರು. ನಾನು ಅವತ್ತು ಮಾಡಿದ್ದೆಲ್ಲ ಅದೇ ಕ್ರಮದಲ್ಲಿ. ಪರದೆ ನನಗೆ ಕಾಣುತ್ತಿರಲಿಲ್ಲ, ಅವರ ಮುಖ ಮಾತ್ರ ಕಾಣುತ್ತಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ನಾನೂರು ಸಲ ಒತ್ತಿ ನೋಡಿದ್ದೆ, ಸರಿ ಇದೆ ಎಂದು ಗೊತ್ತಿತ್ತು. ಆದರೂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವರು ಒತ್ತಿದರು. ತಲೆ ಒಮ್ಮೆ ಕಂಪಿಸಿ, ನನ್ನಿಂದ ದೂರಕ್ಕೆ ಸರ್ರನೆ ಹೋಗಿ, ಆಚೆ ಮೂಲೆಯ ಮೇಲೆ ನಿಂತಿತು.

ಅಣ್ಣ ಎದ್ದು ಹಾಸನ್ನು ಸುತ್ತಿ ಹೋಗಿ ಬಗ್ಗಿ ನೋಡಿದರು. ಕಲ್ಲಿನ ಎಳೆಯ ಮೇಲೆ ಕೆಂಪು ಚುಕ್ಕೆ ಇತ್ತು. ಬಲಗೈ ಗೆಣ್ಣಿನಿಂದ ಆ ಜಾಗವನ್ನು ಬಡಿದು ಕಿವಿಗೊಟ್ಟರು.

"ಬಿರುಕೇ ಅದ" ಎಂದರು. "ಈ ಕಲ್ಲ ಬ್ಯಾಡ. ಬ್ಯಾರೆ ತರಸ್ರಿ."

ಚಕ್ರ ಮುಗಿಯಲು ಮತ್ತೆ ಮೂರು ವಾರ ಹಿಡಿಯಿತು. ಇಪ್ಪತ್ನಾಲ್ಕು ಅರೆಗಳನ್ನೂ ಅವರೇ ಕೊಯ್ದರು. ಹುಲ್ಲು ಹಾಸಿದ ಗಾಡಿಯಲ್ಲಿ ಒಂದೊಂದನ್ನೇ ಗೋಣಿಯಲ್ಲಿ ಸುತ್ತಿ ಇಡುವಾಗ ನನ್ನನ್ನೂ ಕರೆದರು, ನಾನು ಒಂದು ತುದಿ ಹಿಡಿದೆ. ಜಹೀರಾಬಾದಿನಲ್ಲಿ ನೆಲಕ್ಕೆ ಕೂಡಿಸುವ ದಿನ ಅವರ ಹೆಂಡತಿಯೂ ಬಂದಿದ್ದರು. ನನ್ನನ್ನು ನೋಡಿ ತಲೆ ಆಡಿಸಿದರು. ಮಧ್ಯಾಹ್ನ ಎಲ್ಲರಿಗೂ ಊಟ ಬಡಿಸುವಾಗ ನನ್ನ ಮುಂದೆಯೂ ಬಂದು, ಬೇಕೇನು ಎಂದು ಕೇಳದೆ, ಇನ್ನೊಂದು ರೊಟ್ಟಿ ಹಾಕಿದರು.